ಹಸಿ ಕಸ ಕೆದಕುವ ಕಡ್ಡಿ

ದಟ್ಟಗಳ್ಳಿಯಲ್ಲಿ ನಾನು ಬಾಡಿಗೆಗಿದ್ದ ಮನೆಯ ಮಾಲೀಕರ ಕೈಯಲ್ಲಿ ಬೆಳಗಿನ ಹೊತ್ತು ಒಂದು ಬಿದಿರಿನ ಕಡ್ಡಿ ಇರುತ್ತಿತ್ತು. ನಿವೃತ್ತ ಅಧಿಕಾರಿ, ಸಭ್ಯರು, ಯಾರ ಮೇಲೂ ದನಿಯೇರಿಸಿದವರಲ್ಲ. ಹಿತ್ತಲಲ್ಲಿ ಗೊಬ್ಬರದ ಡ್ರಮ್ಮು ಇಟ್ಟಿದ್ದರು. ಕೆಳಗಿನ ಅವರ ಮನೆಯ ಹಸಿ ಕಸವೂ ಮೇಲಿನ ನನ್ನ ಮನೆಯದೂ ಅದಕ್ಕೇ. ಸುರಿಯುವ ಮೊದಲು ನನ್ನ ಬಕೆಟ್ಟನ್ನು ಆ ಕಡ್ಡಿಯಿಂದ ತಳದವರೆಗೂ ಕೆದಕುತ್ತಿದ್ದರು. ಪ್ಲಾಸ್ಟಿಕ್ ಹುಡುಕುತ್ತಾರೆ ಅಂದುಕೊಂಡು, ಎಂಥ ಶಿಸ್ತಪ್ಪಾ ಎಂದು ಮೆಚ್ಚಿದ್ದೆ. ನನ್ನ ತಲೆ! ಅವರು ಹುಡುಕುತ್ತಿದ್ದದ್ದು ಮೂಳೆ.

ನನ್ನ ಬಕೆಟ್ಟಿಗೆ ಮೂಳೆ ಬರುವ ದಾರಿಯೇ ಇರಲಿಲ್ಲ. ನಾನು ಮಾಂಸ ಬಿಟ್ಟು ಬಹಳ ವರ್ಷವಾಗಿತ್ತು. ಯಾರ ಉಪದೇಶವೂ ಅಲ್ಲ, ವ್ರತವೂ ಅಲ್ಲ. ಚಿಕ್ಕಂದಿನಲ್ಲಿ ಚಪ್ಪರಿಸಿ ತಿಂದವಳೇ. ಒಂಟಿಯಾಗಿ ಅಡುಗೆ ಮಾಡಿಕೊಳ್ಳುತ್ತಾ ನಾಲಿಗೆ ಸೊಪ್ಪು ಕಾಳಿನ ಕಡೆಗೇ ವಾಲಿತು, ಆಮೇಲೆ ಮೀನಿನ ವಾಸನೆಯೂ ಆಗದಾಯಿತು. ಹಾಲು, ತುಪ್ಪ ಕೂಡ ಬಿಟ್ಟೆ. ಬೆಳಿಗ್ಗೆ ಸಂಜೆ ಹಾಲಿನ ಪ್ಯಾಕೆಟ್ ಒಡೆಯುತ್ತಿದ್ದವರು ಕೆಳಗಿನ ಮನೆಯವರು, ನಾನಲ್ಲ. ದಂಟಿನ ಸೊಪ್ಪು, ಹುರುಳಿಕಾಳು ಬೇಯಿಸಿ ಬಸಿದು, ಆ ಬಸಿದ ನೀರಿಗೆ ಖಾರ ಅರೆದು ಹಾಕಿದ ಬಸ್ಸಾರು, ಜೊತೆಗೆ ಬಿಸಿ ಮುದ್ದೆ ಇದ್ದರೆ ನನಗೆ ಹಬ್ಬ. ಅವರೆಕಾಯಿ ಕಾಲದಲ್ಲಿ ಹಿತಕಿದ ಬೇಳೆ ಸಾರಿನ ಮುಂದೆ ಕೂತಾಗ ನನ್ನನ್ನು ಮಾತಾಡಿಸಲೇಬಾರದು. ಇದೆಲ್ಲ ಅವ್ವನಿಂದ ಕಲಿತದ್ದು. ನಮ್ಮ ಮನೆಯಲ್ಲಿ ಮಾಂಸ ಭಾನುವಾರಕ್ಕೆ, ಸೊಪ್ಪು ಮಿಕ್ಕೆಲ್ಲ ದಿನಕ್ಕೆ.

ಹಿನಕಲ್‌ನಲ್ಲಿ ಅಣ್ಣನ ಜೊತೆಗಿದ್ದ ಅವ್ವ ಕಣ್ಣಿನ ಪೊರೆ ತೆಗೆಸಿಕೊಂಡು ನನ್ನಲ್ಲಿಗೆ ಬಂದಳು. ಅಣ್ಣನ ಮನೆ ತುಂಬ ಜನ, ಸದಾ ಗಲಾಟೆ. ಕಣ್ಣು ವಾಸಿಯಾಗುವವರೆಗಾದರೂ ನನ್ನ ಹತ್ತಿರ ಇರಲಿ ಎಂದು ನಾನೇ ಹಟ ಹಿಡಿದಿದ್ದೆ. ಒಣಮೀನಿಲ್ಲದ ಊಟ ಸಪ್ಪೆ ಅನ್ನುವವಳು ನನ್ನಲ್ಲಿ ಅದರ ಹೆಸರೇ ಎತ್ತಲಿಲ್ಲ. ಕೇಳಿದರೆ, “ನಿನ್ ಮನೇಲಿ ಯಾಕೆ ಬುಡು” ಅಂದಳು.

ಒಂದು ಬೆಳಿಗ್ಗೆ ಮಾಲೀಕರು ಕೆಳಗಿನಿಂದ ಕರೆದರು. ಹೋಗಿ ನೋಡಿದರೆ ನನ್ನ ಬಕೆಟ್ಟನ್ನು ಒಗೆಯುವ ಕಲ್ಲಿನ ಮೇಲೆ ಬೋರಲು ಹಾಕಿದ್ದಾರೆ. ಸೌತೆಕಾಯಿ ಸಿಪ್ಪೆ, ಸೊಪ್ಪಿನ ಬೇರು, ಅವ್ವ ಅಗಿದು ಉಗಿದ ನುಗ್ಗೆಕಾಯಿ ನಾರು ಎಲ್ಲ ಹರಡಿಕೊಂಡಿದೆ. ಕಡ್ಡಿಯ ತುದಿಯಲ್ಲಿ ಒಂದು ಕೋಳಿ ಮೂಳೆ. ಅವರ ಹೆಂಡತಿ ಸೆರಗಿನಿಂದ ಮೂಗು ಮುಚ್ಚಿಕೊಂಡು ದೂರ ನಿಂತಿದ್ದರು. ಹುಳ ಹರಿದಾಡುವ ಗೊಬ್ಬರಕ್ಕೆ ಕೈ ಹಾಕುವಾಗಲೂ ಹೇಸದವಳು ನಾನು. ಅವ್ವನ ಎಂಜಲನ್ನು ಹಾಗೆ ಹರವಿ ತಪಾಸಣೆ ಮಾಡಿದ್ದು ಕಂಡು ಹೇಸಿಗೆಯಾಯಿತು.

“ನೋಡಮ್ಮ, ಇಷ್ಟು ದಿನ ಇದೆಲ್ಲ ಇರಲಿಲ್ಲ. ನಿಮ್ಮ ತಾಯಿ ಬಂದ ಮೇಲೆ...” ಎಂದು ಮಾಲೀಕರು ಶುರುಮಾಡಿದರು.

ಅಷ್ಟರಲ್ಲಿ ಬೀದಿ ಬೆಕ್ಕೊಂದು ಇನ್ನೊಂದು ಮೂಳೆ ಕಚ್ಚಿಕೊಂಡು ಕಾಂಪೌಂಡಿನಿಂದ ಧುಮುಕಿ, ನೆಟ್ಟಗೆ ನನ್ನ ಮೆಟ್ಟಿಲಿಗೆ, ಬಕೆಟ್ ಇಡುವ ಜಾಗಕ್ಕೇ ಹೋಗಿ ಕೂತಿತು. ಮಾಲೀಕರು ಕಡ್ಡಿಯ ತುದಿಯ ಮೂಳೆಯನ್ನೂ ಬೆಕ್ಕನ್ನೂ ನೋಡಿ ನಕ್ಕುಬಿಟ್ಟರು.

“ಛೆ ಛೆ, ತಪ್ಪು ತಿಳ್ಕೋಬೇಡಿ. ನನಗೆ ಗೊತ್ತಿಲ್ವಾ, ನೀವು ಈಗ ನಮ್ಮ ಥರಾನೇ ಆಗ್ಬಿಟ್ಟಿದ್ದೀರ. ನಿಮ್ಮ ಕಡೆಯವರೆಲ್ಲ ನಿಮ್ಮನ್ನ ನೋಡಿ ಕಲೀಬೇಕು.”

ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಈ ಹೊಗಳಿಕೆ, ಥೂ, ಇನ್ನೊಬ್ಬರು ಅಗಿದ ಎಲೆಅಡಿಕೆಯನ್ನು ನನ್ನ ಬಾಯಿಗೆ ತುರುಕಿದ ಹಾಗಿತ್ತು. ತಿರುಗಿದರೆ ಮೆಟ್ಟಿಲ ಮೇಲೆ ಕಪ್ಪು ಕನ್ನಡಕ ಹಾಕಿಕೊಂಡು ಅವ್ವ ನಿಂತಿದ್ದಾಳೆ. ಎಲ್ಲ ಕೇಳಿಸಿಕೊಂಡಿದ್ದಳು.

ಮೇಲೆ ಬಂದವಳೇ ಸೀರೆ ಮಡಿಸಿ ಬ್ಯಾಗಿಗೆ ತುಂಬತೊಡಗಿದಳು.

“ಎಲ್ಗವ್ವ?”

“ನಿಮ್ಮಣ್ಣನ ಮನೆಗೆ.” ಇನ್ನೊಂದು ಸೀರೆ ಮಡಿಸುತ್ತಾ ಕೇಳಿದಳು: “ಅವ್ರಂಗೆ ಆಗ್ಬೇಕು ಅಂತಾನೇನೇ ನೀನು ಬುಟ್ಟಿದ್ದು? ನಾವು ತಿನ್ನೋದು ನಿಂಗೆ ನಾಚ್ಕೆನಾ?”

“ಇಲ್ಲ ಕಣವ್ವ. ನಂಗೆ ಬೇಡ ಅನ್ನಿಸ್ತು, ಬುಟ್ಟೆ, ಅಷ್ಟೇ.”

“ಆಯ್ತು ಬುಡು” ಅಂದಳು. ನಂಬಿಕೆ ಇಲ್ಲದಾಗ ಅವ್ವ ಹಾಗೆ ಅನ್ನುವುದು.

ನನಗೆ ರೇಗಿಹೋಯಿತು. ಸ್ಕೂಟರ್ ತೆಗೆದುಕೊಂಡು ಹೋಗಿ ಒಣಮೀನು ತಂದೆ. ಬಾಣಲೆಗೆ ಹಾಕುತ್ತಿದ್ದಂತೆ ಗಬ್ಬೆಂದು ಮೂಗಿಗೆ ಹೊಡೆಯಿತು. ವಾಕರಿಕೆ ಉಕ್ಕಿ ಸಿಂಕಿಗೆ ಬಗ್ಗಿದೆ, ದುಪಟ್ಟಾ ಮೂಗಿಗೆ ಕಟ್ಟಿಕೊಂಡೆ, ಕಣ್ಣಲ್ಲಿ ನೀರು. ಕಿಟಕಿ ಮಾತ್ರ ಒಂದನ್ನೂ ಮುಚ್ಚಲಿಲ್ಲ.

ಕೆಳಗಿನಿಂದ ದನಿ ಬಂತು. “ಏನಮ್ಮ ಇದು ವಾಸನೆ?”

“ಒಣಮೀನು ಸಾರ್. ನಾನೇ ಹುರೀತಿರೋದು, ನಮ್ಮವ್ವಂಗೆ.”

“ಹಾಗಾದ್ರೆ ಬೇರೆ ಮನೆ ನೋಡ್ಕೋಬೇಕಾಗತ್ತೆ.”

“ನೋಡ್ಕೋತೀನಿ ಸಾರ್.”

ಅವ್ವ ಅಡುಗೆಮನೆ ಬಾಗಿಲಿಗೆ ಬಂದು ನಿಂತಿದ್ದಳು. ನಾನು ಮತ್ತೆ ಸಿಂಕಿಗೆ ಬಗ್ಗಿ ಓಕರಿಸುವುದನ್ನು ಕನ್ನಡಕ ಎತ್ತಿ ನೋಡಿದಳು. ಹತ್ತಿರ ಬಂದು ಬೆನ್ನು ನೀವಿದಳು.

“ಅಯ್ಯೋ, ನಿಂಗೆ ನಿಜ್ವಾಗ್ಲೂ ಆಗಲ್ವಲ್ಲೇ!” ಅಂದಳು. ಬಂದಾಗಿನಿಂದ ಅವಳ ಮುಖದಲ್ಲಿ ಅಷ್ಟು ಸಮಾಧಾನ ನಾನು ಕಂಡಿರಲಿಲ್ಲ.

ಆಮೇಲೆ ಬಾಣಲೆಗೆ ಇಣುಕಿ, “ಸೀಸಿಬುಟ್ಟಿದ್ದೀಯ, ದಂಡಪಿಂಡ” ಎಂದು ಬೈದು, ಮೀನನ್ನೂ ಮುದ್ದೆಯನ್ನೂ ತಟ್ಟೆಗೆ ಹಾಕಿಕೊಂಡು ಬಾಲ್ಕನಿಗೆ ಹೋದಳು.

“ಅಲ್ಲಿ ಯಾಕವ್ವ, ಎಲ್ರಿಗೂ ಕಾಣುತ್ತೆ.”

“ನಿಂಗೆ ವಾಸನೆ ಬರ್ದೇ ಇರ್ಲಿ ಅಂತ ಕಣೆ. ಆ ಬ್ಯಾಗ್ ಬಿಚ್ಚಿ ಒಳಗಿಡೋಗು.”