ನಾಲ್ಕು ಚಕ್ರ, ಎರಡು ಕಾಲು

ನಮ್ಮ ಮನೆಯಲ್ಲಿ ದಿನಾ ಬೆಳಿಗ್ಗೆ ಮೊದಲು ಸ್ನಾನವಾಗುವುದು ನನಗಲ್ಲ, ಕಾರಿಗೆ. ಅದಕ್ಕೆ ಶಾಂಪೂ ಬೇರೆ, ಮೈ ಒರೆಸುವ ಬಟ್ಟೆ ಬೇರೆ, ಹೊದಿಕೆ ಬೇರೆ. ನಾನು ಮಾತ್ರ ಇವತ್ತಿಗೂ ತಲೆಗೂ ಮೈಗೂ ಒಂದೇ ಸೋಪು ಹಚ್ಚುವವನು.

ಕಾರು ಬಂದು ಮೂರು ತಿಂಗಳಾಯಿತು. ಹದಿನೈದು ವರ್ಷ ಸ್ಕೂಟರನ್ನು ಓರೆ ಮಾಡಿ, ಒದ್ದು ಸ್ಟಾರ್ಟ್ ಮಾಡಿದವನಿಗೆ ಕಾರು ಬಂದರೆ ಅದು ಸಾಮಾನ್ಯ ಕಾರಾಗಿರಲು ಸಾಧ್ಯವೇ? ನೋಡಲು ಗಿಡ್ಡ ಜೀಪಿನಂತಿದೆ, ಆದರೆ ಬೇಕೆಂದಾಗ ನಾಲ್ಕೂ ಚಕ್ರಗಳು ಎಳೆಯುತ್ತವೆ. ಉಳಿದವರ ಕಾರುಗಳಲ್ಲಿ ಎರಡು ಚಕ್ರ ದುಡಿಯುತ್ತವೆ, ಇನ್ನೆರಡು ಜೊತೆಯಲ್ಲಿ ಸುಮ್ಮನೆ ಉರುಳುತ್ತವೆ. ಬೊಮ್ಮನಹಳ್ಳಿಯ ನಮ್ಮ ಕಾರ್ಖಾನೆಯ ಆಫೀಸು ಇದೇ ತತ್ವದ ಮೇಲೆ ನಡೆಯುತ್ತಿರುವುದರಿಂದ ಈ ತಂತ್ರಜ್ಞಾನ ನನಗೆ ತಕ್ಷಣ ಅರ್ಥವಾಯಿತು. ಮೇಲಾಗಿ ನಾನು ಬಿ.ಎಸ್ಸಿ. ನಮ್ಮ ವಂಶದಲ್ಲಿ ಡಿಗ್ರಿ ಕಂಡ ಮೊದಲನೆಯವನು. ಗೇಟಿನ ಬೋರ್ಡಿನಲ್ಲಿ ಹೆಸರಿಗಿಂತ ಡಿಗ್ರಿಯೇ ದಪ್ಪಗಿದೆ ಎಂದು ಹೆಂಡತಿ ಹಂಗಿಸುತ್ತಾಳೆ. ಮಂಜುನಾಥ ಎಂಬ ಹೆಸರನ್ನು ಯಾರಿಗೆ ಬೇಕಾದರೂ ಇಡಬಹುದು, ಡಿಗ್ರಿ ಹಾಗಲ್ಲ ಎಂಬುದು ಅವಳಿಗೆ ತಿಳಿಯದು.

ಷೋರೂಮಿನಲ್ಲಿ ಟೈ ಕಟ್ಟಿದ್ದ ಸೇಲ್ಸ್‌ಮನ್ ಗೇರಿನ ಪಕ್ಕದ ನಾಬ್ ತೋರಿಸಿ, "ಸಾರ್, ಇದೊಂದು ತಿರುಗಿಸಿದ್ರೆ ಮರಳು, ಕೆಸರು, ಗುಡ್ಡ, ಎಲ್ಲಿ ಬೇಕಾದ್ರೂ ಹೋಗ್ಬೋದು" ಎಂದಿದ್ದ. ನಾನು ಹೋಗಬೇಕಾಗಿದ್ದದ್ದು ಜರಗನಹಳ್ಳಿಯಿಂದ ಬೊಮ್ಮನಹಳ್ಳಿಗೆ. ನಡುವೆ ಸಾರಕ್ಕಿ ಸಿಗ್ನಲ್. ಅನುಭವದಿಂದ ಹೇಳುತ್ತೇನೆ: ಸಾರಕ್ಕಿ ಸಿಗ್ನಲ್ಲಿನಲ್ಲಿ ಈ ಕಾರಿನ ನಾಲ್ಕೂ ಚಕ್ರಗಳು ಬಹಳ ಒಗ್ಗಟ್ಟಿನಿಂದ ನಿಲ್ಲುತ್ತವೆ. ಆ ನಾಬನ್ನು ನಾನು ಮುಟ್ಟಿಯೂ ಇರಲಿಲ್ಲ. ಅದರ ಮೇಲಿನ ತೆಳು ಪ್ಲಾಸ್ಟಿಕ್ ಹಾಳೆಯನ್ನು ಕೂಡ ಕಿತ್ತಿರಲಿಲ್ಲ. ಸೀಟುಗಳದ್ದೂ ಅದೇ ಕಥೆ. ಕೂತರೆ ಚರಚರ ಎನ್ನುತ್ತಿದ್ದವು. ಹೊಸತನ ಇರುವುದೇ ಪ್ಲಾಸ್ಟಿಕ್ಕಿನಲ್ಲಿ ಎಂದು ನಂಬಿದ ಮನೆ ನಮ್ಮದು. ನಮ್ಮ ಟಿವಿಯ ರಿಮೋಟು ಇಂದಿಗೂ ಕವರಿನೊಳಗಿಂದಲೇ ಚಾನೆಲ್ ಬದಲಾಯಿಸುತ್ತದೆ.

ಇನ್ನು ಹಿಂದಿನ ಗಾಜಿನ ಸ್ಟಿಕ್ಕರು. ಡಾಕ್ಟರುಗಳು ಕೆಂಪು ಪ್ಲಸ್ಸು ಅಂಟಿಸಿಕೊಳ್ಳುತ್ತಾರೆ, ಪತ್ರಕರ್ತರು 'ಪ್ರೆಸ್' ಎಂದು ಬರೆಸುತ್ತಾರೆ. ನಾನು 'ಬಿ.ಎಸ್ಸಿ.' ಎಂದು ಹಾಕಿಸಲು ಹೊರಟಿದ್ದೆ. ಹೆಂಡತಿ ತವರಿಗೆ ಹೋಗುವ ಮಾತು ಎತ್ತಿದ್ದರಿಂದ 'ತಾಯಿಯ ಆಶೀರ್ವಾದ' ಎಂದು ಬರೆಸಿದೆ. ಅದು ಸುಳ್ಳೂ ಅಲ್ಲ. ಅಮ್ಮ ಸಾರಕ್ಕಿ ಮಾರ್ಕೆಟ್ಟಿನಲ್ಲಿ ಸೊಪ್ಪು ಮಾರಿ ನನ್ನನ್ನು ಓದಿಸಿದವಳು. ದಂಟು, ಮೆಂತ್ಯ, ಸಬ್ಬಸಿಗೆಯ ಕಟ್ಟುಗಳೇ ನನ್ನ ಬಿ.ಎಸ್ಸಿ. ಬೇಡವೆಂದರೂ ಕೇಳದೆ ಕಾರು ಬಂದ ಮೇಲೂ ಕುಕ್ಕೆ ಹೊತ್ತು ಬಸ್ಸು ಹತ್ತುತ್ತಿದ್ದಳು. ತೊಂದರೆ ಇಷ್ಟೇ: ಯಾರ ಆಶೀರ್ವಾದವನ್ನು ಗಾಜಿನ ಮೇಲೆ ಬರೆಸಿದ್ದೆನೋ, ಆ ತಾಯಿ ಕಾರಿನೊಳಗೆ ಒಮ್ಮೆಯೂ ಕೂತಿರಲಿಲ್ಲ.

ತಪ್ಪು ನನ್ನದೇ. ಪೂಜೆಯ ದಿನ ದೇವಸ್ಥಾನದ ಮುಂದೆ ಚಕ್ರಗಳ ಕೆಳಗೆ ನಿಂಬೆಹಣ್ಣಿಟ್ಟು ನಾಲ್ಕನ್ನೂ ಅಪ್ಪಚ್ಚಿ ಮಾಡಿದ್ದಾಯಿತು. (ಎರಡೇ ಚಕ್ರ ಎಳೆಯುವ ಕಾರುಗಳೂ ನಾಲ್ಕು ನಿಂಬೆಹಣ್ಣನ್ನೇ ಅಪ್ಪಚ್ಚಿ ಮಾಡುತ್ತವೆಂಬುದು ಆಮೇಲೆ ಹೊಳೆಯಿತು.) ಹೊಸ ಸೀರೆ ಉಟ್ಟಿದ್ದ ಅಮ್ಮ, ಒಡೆದ ಕುಂಬಳಕಾಯಿಯ ಮೇಲೇ ಬರಿಗಾಲಲ್ಲಿ ನಡೆದು ಬಂದು, ಕಾರಿನೊಳಗೆ ಒಂದು ಕಾಲಿಟ್ಟಳು. ನನ್ನ ಬಾಯಿಂದ ಹಾರಿಯೇ ಹೋಯಿತು:

"ಅಮ್ಮಾ, ಕಾಲು ಒರೆಸ್ಕೊಂಡು ಹತ್ತು!"

ನೆಂಟರೆಲ್ಲ ನಿಂತಿದ್ದರು. ಅಮ್ಮ ಒರೆಸಲಿಲ್ಲ, ಹತ್ತಲೂ ಇಲ್ಲ. ಇಟ್ಟ ಕಾಲನ್ನು ಹಿಂದಕ್ಕೆ ತೆಗೆದುಕೊಂಡಳು.

"ನಂಗೆ ಬಸ್ಸೇ ಸಾಕು ಕಣಪ್ಪ. ಯಾವ ಕಂಡಕ್ಟ್ರೂ ಇವತ್ತಿನವರ್ಗೂ ನನ್ ಕಾಲು ನೋಡಿಲ್ಲ."

ಆಮೇಲೆ ನಾನು ಪಟ್ಟ ಪಾಡು ದೇವರಿಗೇ ಪ್ರೀತಿ. ಕಣ್ಣಾಸ್ಪತ್ರೆಗೆ ಕರೆದುಕೊಂಡು ಹೋಗ್ತೀನಿ ಬಾ ಎಂದೆ. "ಕಣ್ಣು ಚೆನ್ನಾಗೈತೆ, ಬಸ್ ನಂಬ್ರು ಕಾಣ್ತದೆ" ಎಂದಳು. ತಂಗಿಯ ಮನೆಗೆ ಹೋಗೋಣ ಎಂದೆ. ನಾನು ಕಾರು ಹೊರಗೆ ತೆಗೆಯುವಷ್ಟರಲ್ಲಿ ಅವಳು ತಂಗಿಯ ಮನೆ ತಲುಪಿ ಕಾಫಿ ಕುಡಿಯುತ್ತಿದ್ದಳು. ಪಕ್ಕದ ಮನೆಯ ಶ್ರೀಕಂಠಯ್ಯನವರು ರಿಟೈರಾದ ಮೇಲೆ ಕಾಂಪೌಂಡ್ ಗೋಡೆಯನ್ನೇ ಆಫೀಸು ಮಾಡಿಕೊಂಡವರು. ಅವರಂತೂ ದಿನಾ ಬೆಳಿಗ್ಗೆ ಕೇಳುತ್ತಿದ್ದರು: "ಏನ್ರೀ ಮಂಜುನಾಥ್, ಆಶೀರ್ವಾದ ಕಾರಲ್ಲಿ ಹೋಗುತ್ತೆ, ತಾಯಿ ಬಸ್ಸಲ್ಲಿ ಹೋಗ್ತಾರೆ. ಇದ್ಯಾವ ಸಿಸ್ಟಮ್ಮು?" ನಾನು ಕಾರಿಗೆ ಇನ್ನೊಂದು ಸಲ ಶಾಂಪೂ ಹಚ್ಚುತ್ತಿದ್ದೆ.

ಕಳೆದ ಭಾನುವಾರ ಮಧ್ಯಾಹ್ನ ಮಳೆ ಹೊಡೆಯಿತು. ಪೈಪು ಹಾಕಲೆಂದು ಅಗೆದು, ಮುಚ್ಚಿದಂತೆ ಮಾಡಿದ್ದ ರಸ್ತೆಗಳೆಲ್ಲ ರಾಗಿ ಅಂಬಲಿಯಾದವು. ಬಸ್ಸುಗಳು ನಿಂತುಹೋದವು. ಅಮ್ಮ ಮಾರ್ಕೆಟ್ಟಿನಲ್ಲಿದ್ದಳು. ಬೆಳಿಗ್ಗೆಯಷ್ಟೇ ಮಿಂದಿದ್ದ ಕಾರನ್ನು ಕಣ್ಣು ಮುಚ್ಚಿ ಹೊರಗೆ ತೆಗೆದೆ. ಹೋಗಿ ನೋಡಿದರೆ ಮಾರ್ಕೆಟ್ಟಿನ ಬಾಯಲ್ಲಿ, ತಲೆಯ ಮೇಲೆ ಗೋಣಿಚೀಲ ಹೊದ್ದು, ಮೊಣಕಾಲುದ್ದ ಕೆಸರು ಮೆತ್ತಿಕೊಂಡು ಅಮ್ಮ ನಿಂತಿದ್ದಳು. ಗಾಜು ಇಳಿಸಿದೆ.

"ಹತ್ತಮ್ಮ."

"ಕಾಲು ನೋಡ್ದಾ?"

"ನೋಡ್ದೆ. ಹಂಗೇ ಹತ್ತು."

"ಒರೆಸ್ಕೊಳಕ್ಕೆ ಬಟ್ಟೆ ತಂದಿದ್ಯಾ?"

ಹಿಂದಿದ್ದ ಆಟೋದವನು ಹಾರನ್ ಒತ್ತಿ ಕೂಗಿದ: "ಅಣ್ಣಾ, ಕಾರ್ ತೋರ್ಸಿದ್ದು ಸಾಕು, ಅಜ್ಜೀನ ಹತ್ತಿಸ್ಕೊಳಿ!"

ನಾನು ಕೆಳಗಿಳಿದೆ. ಮೂರು ತಿಂಗಳಿಂದ ಬಾಕಿ ಉಳಿದಿದ್ದ ಎರಡು ಮಾತು ಮಳೆಯಲ್ಲಿ ಹೊರಗೆ ಬಂತು. "ತಪ್ಪಾಯ್ತಮ್ಮ. ಬಾ."

ಅಮ್ಮ ನೀರು ಸುರಿಯುತ್ತಿದ್ದ ಸೊಪ್ಪಿನ ಕುಕ್ಕೆಯನ್ನು ಮೊದಲು ಹಿಂದಿನ ಸೀಟಿನ ಮೇಲಿಟ್ಟು ನನ್ನ ಮುಖ ನೋಡಿದಳು. ಅದು ಪರೀಕ್ಷೆ. ನಾನು ಮುಖ ಗಟ್ಟಿ ಮಾಡಿಕೊಂಡು ಪಾಸಾದೆ. ಆಮೇಲೆ ಅವಳು ಮುಂದಿನ ಸೀಟಿನಲ್ಲಿ ಕೂತು, ಎರಡೂ ಕಾಲುಗಳನ್ನು ಮ್ಯಾಟಿನ ಮೇಲೆ ನೆಮ್ಮದಿಯಾಗಿ ಇಳಿಬಿಟ್ಟಳು.

ನಮ್ಮ ಬೀದಿಯ ತಿರುವಿನಲ್ಲಿ ಚಕ್ರ ಕೆಸರಿನಲ್ಲಿ ಹೂತುಕೊಂಡಿತು. ಎಷ್ಟು ಒತ್ತಿದರೂ ಇದ್ದಲ್ಲೇ ಗಿರ್ರೆಂದು ತಿರುಗಿತೇ ಹೊರತು ಕಾರು ಅಲುಗಲಿಲ್ಲ.

"ನಾಕೂ ಚಕ್ರ ಎಳೀತದೆ ಅಂತ ಊರೆಲ್ಲಾ ಹೇಳ್ಕೊಂಡು ಬಂದ್ಯಲ್ಲೋ?" ಎಂದಳು ಅಮ್ಮ.

ಆಗ ನೆನಪಾಯಿತು ನಾಬು. ತಿರುಗಿಸಹೋದರೆ ಪ್ಲಾಸ್ಟಿಕ್ ಹಾಳೆಯ ಮೇಲೆ ಒದ್ದೆ ಕೈ ಜಾರುತ್ತಿತ್ತು. ಅಮ್ಮ ನನ್ನ ಕೈ ಸರಿಸಿ, ಸೊಪ್ಪು ಕಟ್ಟಲು ಬಾಳೆನಾರು ಸೀಳಿ ಸೀಳಿ ಪಳಗಿದ ಉಗುರಿನಿಂದ ಒಂದೇ ಸಲಕ್ಕೆ ಅದನ್ನು ಸುಲಿದು ಹಾಕಿದಳು. "ತಿರುಗ್ಸು ಈಗ. ಓದಿದ್ದೀಯಲ್ಲ." ತಿರುಗಿಸಿದೆ. ಎದುರಿನ ಮೀಟರಿನಲ್ಲಿ ಒಂದು ಹಳದಿ ದೀಪ ಹತ್ತಿತು. ಕಾರು ಗೊಣಗಿ, ಒಮ್ಮೆ ಮೈ ಮುರಿದು, ಎಮ್ಮೆ ಕೆರೆಯಿಂದ ಎದ್ದು ಬಂದಂತೆ ಮೇಲೆ ಬಂತು.

"ಇಷ್ಟು ಕೆಲ್ಸ ಮಾಡೋ ಗಾಡೀನ ಹೊದ್ಸಿ ಮಲಗಿಸಿದ್ಯಲ್ಲೋ ಪಾಪ!" ಅಮ್ಮನ ಕರುಣೆಯೆಲ್ಲ ಕಾರಿನ ಮೇಲೆ.

ಗೇಟಿನಲ್ಲಿ ಶ್ರೀಕಂಠಯ್ಯನವರು ಕೊಡೆ ಹಿಡಿದು ಡ್ಯೂಟಿಯ ಮೇಲಿದ್ದರು. ಹಿಂದಿನ ಗಾಜಿನ ತುಂಬ ಕೆಸರು ಹಾರಿ ಸ್ಟಿಕ್ಕರು ಮುಚ್ಚಿಹೋಗಿತ್ತು. ಅದನ್ನು ತೋರಿಸಲೆಂದು ಕೈ ಎತ್ತಿದವರು, ಮುಂದಿನ ಸೀಟನ್ನು ಕಂಡು ಕೈ ಇಳಿಸಿದರು. ನಮ್ಮ ಗೇಟನ್ನು ಅವರೇ ತೆರೆದರು.

ಮರುದಿನ ಬೆಳಿಗ್ಗೆ ಶಾಂಪೂ ಬಕೆಟ್ ಹಿಡಿದು ಹೊರಗೆ ಬಂದೆ. ಅಮ್ಮ ಆಗಲೇ ಮುಂದಿನ ಸೀಟಿನಲ್ಲಿದ್ದಳು. ಕುಕ್ಕೆ ಹಿಂದಿನ ಸೀಟಿನಲ್ಲಿತ್ತು. ಸೀಟಿನ ಪ್ಲಾಸ್ಟಿಕ್ಕು ಸುಲಿದು ಮಡಿಚಿ ಅಂಗಳದಲ್ಲಿ ಇಟ್ಟಿದ್ದಳು. ಸೊಪ್ಪು ಮುಚ್ಚಲು ಬರುತ್ತದಂತೆ. ಬಕೆಟ್ಟನ್ನು ಅಲ್ಲೇ ಬಿಟ್ಟು, ಬಾಗಿಲು ತೆರೆದು ಕಾಲೆತ್ತಿದೆ.

"ಏಯ್, ಕಾಲು ಒರೆಸ್ಕೊಂಡು ಹತ್ತೋ. ಒಳಗೆ ಸೊಪ್ಪೈತೆ."

ಒರೆಸಿಕೊಂಡೆ. ಹೊಸ ಗಾಡಿ ಹೇಗಿದೆ ಎಂದು ಕೇಳುವವರಿಗೆ ಈಗ ನಾನು ಹೇಳುವುದು ಇಷ್ಟೇ: ಗಾಡಿ ಚೆನ್ನಾಗಿದೆ. ಮಾಲೀಕರು ಮಾತ್ರ ಸ್ವಲ್ಪ ಕಟ್ಟುನಿಟ್ಟು.