ಗುಂಡಿಯಿಲ್ಲದ ಕೋಟು, ಎರಡು ಸೀಟಿನ ಪಕ್ಷ

ಮೊನ್ನೆ ಬೀದರ ಹತ್ತಿರ ನೌಬಾದಿನ ನಮ್ಮ ಮನೆಯ ಟ್ರಂಕು ತೆರೆದಾಗ ನುಸಿಗುಳಿಗೆಯ ವಾಸನೆಯೊಡನೆ ಹಳೆಯ ಬೂದು ಕೋಟೊಂದು ಮೇಲೆ ಬಂತು. ಮುಂದೆ ಒಂದೂ ಗುಂಡಿಯಿಲ್ಲ. ಉದುರಿಹೋದವಲ್ಲ, ಎಂದೂ ಹಚ್ಚಿಯೇ ಇರಲಿಲ್ಲ. ನನ್ನ ನೆನಪನ್ನು ನಾನೇ ಪೂರ್ತಿ ನಂಬುವವನಲ್ಲ; ಕೋಟು ಸಾಕ್ಷಿಗೆ ಇರುವುದರಿಂದ ನೀವು ಇಷ್ಟನ್ನಾದರೂ ನಂಬಬಹುದು.

ಆಗ ನಾನು ಕಲಬುರ್ಗಿಯಲ್ಲಿ ಸಂಶೋಧನೆ ಮಾಡುತ್ತಿದ್ದೆ. ವಿಷಯ, ಹಾಲೆಂಡಿನ ಒಂದು ಪುಟ್ಟ ಕ್ರೈಸ್ತ ಪಕ್ಷ. ಭಾಲ್ಕಿಯವನು ಹಾಲೆಂಡಿಗೆ ಹೇಗೆ ಹೋದೆ ಎನ್ನಬೇಡಿ. ಹೋಗಲಿಲ್ಲ, ಗ್ರಂಥಾಲಯದ ಮೂರು ಪುಸ್ತಕಗಳಲ್ಲೇ ಸುತ್ತಾಡಿ ಬಂದೆ. ರಾಜ್ಯ ಬೈಬಲ್ಲಿನಂತೆ ನಡೆಯಬೇಕೆನ್ನುವವರು ಅವರು. ಭಾನುವಾರ ಪ್ರಚಾರವಿಲ್ಲ. ಹೆಂಗಸರನ್ನು ಬಹುಕಾಲ ಚುನಾವಣೆಗೆ ನಿಲ್ಲಿಸಲೂ ಇಲ್ಲ. ಪ್ರತಿ ಸಲ ಎರಡೋ ಮೂರೋ ಸೀಟು, ಆದರೂ ಬೇಸರವಿಲ್ಲ.

ಪ್ರಬಂಧ ಒಪ್ಪಿಸಿಯಾಗಿತ್ತು. ಸೋಮವಾರ ಮೌಖಿಕ ಪರೀಕ್ಷೆ. ಪರೀಕ್ಷೆಗೆಂದು ಹೊಲಿಯಲು ಕೊಟ್ಟ ಕೋಟು ತರಲು ಶನಿವಾರ ಸಂಜೆ ಭಾಲ್ಕಿಯಲ್ಲಿ ದೇವದಾಸ ಮಾಸ್ತರರ ಟೇಲರ್ ಅಂಗಡಿಗೆ ಹೋದರೆ ಕರೆಂಟು ಹೋಗಿ ಕತ್ತಲಾಗಿತ್ತು.

"ಗುಂಡಿ ಅಷ್ಟೇ ಉಳದಾವ ತಮ್ಮಾ. ನಾಳಿ ಐತಾರ, ಚರ್ಚಿನ ದಿನ, ಸೂಜಿ ಮುಟ್ಟಂಗಿಲ್ಲ. ಸೋಮವಾರ ಬಾ."

"ಸೋಮವಾರ ಮುಂಜಾನೆಗೇ ಪರೀಕ್ಷೆ ಅದ ಮಾಸ್ತರ!"

"ಪ್ರಾರ್ಥನಾ ಮಾಡ್ತೇನಿ. ಗುಂಡಿ ಹಚ್ಚಂಗಿಲ್ಲ."

ಸಿಟ್ಟು ಬಂತು. "ನಿಮ್ಮಂಥವರದೇ ಒಂದು ಪಾರ್ಟಿ ಹಾಲೆಂಡಿನಾಗ ಅದ. ಅದಕ್ಕೇ ಎಂದೂ ಗೆದ್ದಿಲ್ಲ" ಎಂದು ಅವರ ಕಥೆಯನ್ನೆಲ್ಲ ಹೇಳಿದೆ.

"ಎಷ್ಟು ಸೀಟು ಬರ್ತಾವ?"

"ಎರಡು, ಮೂರು."

"ಮುಂದಿನ ಸಲ?"

"ಅಷ್ಟೇ."

"ಹಂಗಾರ ಸೋತಿಲ್ಲ ಬಿಡು. ಅವರು ಗೆಲ್ಲಲಾಕ ನಿಂತೇ ಇಲ್ಲ. ನಾವು ಹಿಂಗ ಇರ್ತೇವಿ ಅಂತ ಹೇಳ್ಲಾಕ ನಿಂತಾರ."

ಸೋಮವಾರ ಎಡಗೈಯಲ್ಲಿ ಕೋಟಿನ ಎರಡೂ ಅಂಚು ಕೂಡಿಸಿ ಹಿಡಿದೇ ಪರೀಕ್ಷೆಗೆ ಕುಳಿತೆ. ಪರೀಕ್ಷಕರು ಅದನ್ನು ವಿನಯವೆಂದು ತಿಳಿದರು. "ಸೋತರೂ ಇವರು ಯಾಕೆ ನಿಲ್ಲುತ್ತಾರೆ?" ಎಂದರು. ಮಾಸ್ತರರ ಮಾತನ್ನೇ ಗ್ರಂಥಸ್ಥ ಭಾಷೆಯಲ್ಲಿ ಒಪ್ಪಿಸಿದೆ. ಭೇಷ್ ಎಂದರು. ಆ ವಾಕ್ಯದ ಮೇಲೆ ಇಷ್ಟು ವರ್ಷ ಪಾಠ ಹೇಳಿ ಉಂಡಿದ್ದೇನೆ.

ಈಗ ಪ್ರಬಂಧ ಕನ್ನಡದಲ್ಲಿ ಪುಸ್ತಕವಾಗುತ್ತಿದೆ. ಆ ಮಾತನ್ನೇ ಅದಕ್ಕೆ ಕೊನೆಯ ವಾಕ್ಯವಾಗಿ ಸೇರಿಸಿದ್ದೆ. ಪ್ರೆಸ್ಸಿನವರು ಕೊನೆಯ ಪುಟ ಯಾವಾಗ ಎಂದು ದಿನಾ ಕೇಳುತ್ತಾರೆ. ಕೋಟು ಕೈಗೆ ಬಂದದ್ದೇ ತಡ, ಸಂಶಯ ಹತ್ತಿತು. ಮಾತು ಮಾಸ್ತರರದಾದರೆ ಅವರ ಹೆಸರು ಹಾಕದೆ ಅಚ್ಚಿಗೆ ಕೊಡುವುದು ಹೇಗೆ? ಅವರು ಅನ್ನದೆ ನಾನೇ ಕಟ್ಟಿಕೊಂಡಿದ್ದರೆ? ಕೋಟನ್ನು ಚೀಲಕ್ಕೆ ತುರುಕಿ ಭಾಲ್ಕಿ ಬಸ್ಸು ಹತ್ತಿದೆ. ಶನಿವಾರವೇ ಹೋದೆ; ಅಷ್ಟು ಬುದ್ಧಿ ಬಂದಿದೆ.

"ನಾ ಅಂದೆನಾ?" ಮಾಸ್ತರರು ಕನ್ನಡಕ ಏರಿಸಿದರು. "ಇಷ್ಟು ಶಾಣ್ಯಾ ಮಾತು ನನ್ನ ಬಾಯಾಗ ಎಲ್ಲಿ ಬರ್ತದ್ರಿ ಸರ? ನೀವೇ ಅಂದಿರ್ಬೇಕು."

ಮೂಲೆಯಲ್ಲಿ ಸೂಜಿಗೆ ದಾರ ಪೋಣಿಸುತ್ತಿದ್ದ ಅವರ ಹೆಂಡತಿ ಸುಶೀಲಾಬಾಯಿ ತಲೆಯೆತ್ತಿದರು. "ಅಂದೋರು ಇವರೇ. ಅದರ ಮ್ಯಾಲ ನಾ ಒಂದು ಅಂದಿದ್ದೆ. ಅದು ಬರದೀರೇನ್ರಿ?"

"ಏನಂದಿದ್ರಿ ಬಾಯಿ?"

"ಹೆಂಗಸರಿಗಿ ಟಿಕೀಟು ಇಲ್ಲ ಅಂದ್ರಲ್ಲ. ಅರ್ಧ ಮನಿ ಮಂದೀನ ಬಾಗಲದಾಗ ನಿಂದರಿಸಿದ ಮ್ಯಾಲ ಎರಡೇ ಸೀಟು ಬರ್ತಾವ ಅಂದೆ. ನೀವಿಬ್ಬರೂ ತಿರುಗಿ ನೋಡಲಿಲ್ಲ."

ಆ ಮಾತು ನನಗೆ ನೆನಪಿರಲಿಲ್ಲ. ಅದಿರಲಿ, ಇಷ್ಟು ವರ್ಷ ನಾನು ನೆನೆಯುತ್ತ ಬಂದ ಆ ಅಂಗಡಿಯ ಚಿತ್ರದಲ್ಲಿ ಸುಶೀಲಾಬಾಯಿಯೇ ಇರಲಿಲ್ಲ. ಹಾಲೆಂಡಿನವರನ್ನು ಇನ್ನೂರು ಪುಟ ಟೀಕಿಸಿದವನು ನಾನು. ಇವರಿಗೆ ನಾನೂ ಟಿಕೀಟು ಕೊಟ್ಟಿರಲಿಲ್ಲ.

"ತಪ್ಪಾಯ್ತು ಬಾಯಿ."

"ಆಗ್ಲಿ, ಆ ಕೋಟು ಇತ್ಲಾಗ ಕೊಡ್ರಿ. ಶನಿವಾರನೇ ಅದ, ಕರೆಂಟೂ ಅದ."

ಮೂರು ಗುಂಡಿ ಹಚ್ಚಿ, ದಾರವನ್ನು ಹಲ್ಲಿನಿಂದ ಕಡಿದು ಕೊಟ್ಟರು.

ಕೊನೆಯ ಪುಟ ನಿನ್ನೆ ಪ್ರೆಸ್ಸಿಗೆ ಹೋಯಿತು. ಈಗ ಅದರಲ್ಲಿ ಎರಡು ವಾಕ್ಯ, ಎರಡು ಹೆಸರು. ಕೊನೆಯ ಮಾತು ಸುಶೀಲಾಬಾಯಿಯವರದು. ಇವತ್ತು ಕೋಟು ಹಾಕಿ ಕನ್ನಡಿಯ ಮುಂದೆ ನಿಂತೆ. ಗುಂಡಿಗಳಿವೆ, ಹೊಟ್ಟೆ ಬಿಡುತ್ತಿಲ್ಲ. ತೆರೆದೇ ಹಾಕಿಕೊಂಡೆ. ಈ ಸಲ ಎಡಗೈ ಅಡ್ಡ ಹಿಡಿಯಲಿಲ್ಲ.