ಮೇಲಿನ ಸಾಲಿಗೆ ಕೇಳಿಸಿದ ಪಿಸುಮಾತು

ಸೂರ್ಯ ಇನ್ನೂ ಬೆಟ್ಟದ ಆ ಕಡೆಗೇ ಇದ್ದಾನೆ. ಗ್ರೀಸಿನ ಪ್ಲಾತಾನಿ ಊರಿನ ಹಳೆಯ ರಂಗಮಂದಿರದ ತುತ್ತತುದಿಯ ಕಲ್ಲುಸಾಲಿನಲ್ಲಿ ಹೆಂಗಸೊಬ್ಬರು ಮಂಡಿಯೂರಿ ಕೂತು, ಎರಡು ಕಲ್ಲುಗಳ ಸಂದಿಗೆ ಸಣ್ಣ ಚಾಕು ಇಳಿಸುತ್ತಿದ್ದಾರೆ. ಸಂದಿಯಿಂದ ಕಪ್ಪಾರಿಯ ಮುಳ್ಳುಬಳ್ಳಿ ಕತ್ತು ಚಾಚಿದೆ. ಇದರ ಮೊಗ್ಗನ್ನು ಇಲ್ಲಿನವರು ಉಪ್ಪಿನಲ್ಲಿ ನೆನೆಹಾಕಿ ಚಪ್ಪರಿಸಿಕೊಂಡು ತಿನ್ನುತ್ತಾರೆ. ಆದರೆ ಇದರ ಬೇರು ಕಲ್ಲನ್ನೇ ತಿನ್ನುತ್ತದೆ.

"ಕೀಳಬಾರದು. ಎಳೆದ್ರೆ ಬೇರಿನ ಜೊತೆ ಕಲ್ಲಿನ ಚೂರೂ ಕಿತ್ಕೊಂಡು ಬರುತ್ತೆ. ಕತ್ತಿನ ಹತ್ರ ಕೊಯ್ಯಬೇಕು. ಮತ್ತೆ ಚಿಗುರುತ್ತೆ, ಮತ್ತೆ ಕೊಯ್ಯಬೇಕು. ಯಾರಿಗೆ ಹಟ ಜಾಸ್ತಿಯೋ ಅವರು ಗೆಲ್ತಾರೆ," ಎನ್ನುತ್ತಾರೆ ಅಸಿಮೀನಾ. ಊರವರ ಬಾಯಲ್ಲಿ ಇವರು ಕಿರಾ ಅಸಿಮೀನಾ. ಕಿರಾ ಎಂದರೆ ಹಿರಿಯ ಹೆಂಗಸಿಗೆ ಸಲ್ಲುವ ಮರ್ಯಾದೆಯ ಮಾತು. ಅವರಿಗೀಗ ಅರವತ್ತೊಂದು ವರ್ಷ. ಬೆಳಿಗ್ಗೆ ಕಳೆ ಕೊಯ್ಯುವುದು, ಸಂಜೆ ನಾಟಕವಿದ್ದರೆ ಬಾಗಿಲು ಕಾಯುವುದು ಅವರ ಕೆಲಸ.

ಗ್ರೀಕರು ಜಗತ್ತಿಗೆ ನಾಟಕ ಕೊಟ್ಟರು ಎಂದು ಎಲ್ಲ ದೇಶದ ಮಕ್ಕಳೂ ಉರುಹೊಡೆಯುತ್ತಾರೆ. ಯಾವ ಗ್ರೀಕರು? ಈ ಗುಡ್ಡವನ್ನು ಬಟ್ಟಲಿನಂತೆ ಕಡಿದವರ ಹೆಸರು ಯಾವ ಪಾಠದಲ್ಲಿದೆ? ಬಾಗಿಲ ಬಳಿಯ ಅಮೃತಶಿಲೆಯ ಫಲಕದಲ್ಲಿ ಮಂತ್ರಿಯ ಹೆಸರಿದೆ, ದುಡ್ಡು ಕೊಟ್ಟ ಕಂಪನಿಯ ಹೆಸರಿದೆ, ರಿಬ್ಬನ್ ಕತ್ತರಿಸಿದವರ ಹೆಸರಿದೆ. ಈ ಜಾಗವನ್ನು ಮಣ್ಣಿನಡಿಯಿಂದ ಬುಟ್ಟಿ ಬುಟ್ಟಿಯಾಗಿ ಹೊತ್ತು ಮೇಲೆ ತಂದ ಒಬ್ಬ ಹೆಂಗಸಿನ ಹೆಸರೂ ಇಲ್ಲ.

ಈ ಸೀಮೆ ಮೊದಲು ಹೊಗೆಸೊಪ್ಪಿನದು. ಕತ್ತಲಿರುವಾಗಲೇ ಎಲೆ ಮುರಿದು, ಉದ್ದನೆಯ ಸೂಜಿಯಲ್ಲಿ ಪೋಣಿಸಿ, ಅಂಗಳದಲ್ಲಿ ತೂಗುಹಾಕುತ್ತಿದ್ದ ಕಾಲ ಅದು. ಸರ್ಕಾರ ಹೊಗೆಸೊಪ್ಪಿನ ಕೈ ಬಿಟ್ಟಿತು, ಊರು ಖಾಲಿಯಾಯಿತು. ಅಸಿಮೀನಾ ಅವರ ಗಂಡ ಫೋತಿಸ್ ಹಡಗು ಕಟ್ಟೆಗೆ ಕೂಲಿಗೆ ಹೋದವರು ಬೆನ್ನು ಮುರಿದುಕೊಂಡು ಬಂದರು. ಆಗಲೇ ಕುರಿಹಟ್ಟಿಯ ಕೆಳಗೆ ರಂಗಮಂದಿರ ಇದೆ ಎಂದು ಅಗೆತ ಶುರುವಾಯಿತು. ಅಸಿಮೀನಾ ಬುಟ್ಟಿ ಹಿಡಿದು ಬಂದರು. "ಎಲೆ ಹರಿಯದಂಗೆ ಪೋಣಿಸಿದ ಕೈ ನೋಡಿ ಇದು. ಕಲ್ಲು ಮುರೀದಂಗೆ ಮಣ್ಣು ಬಿಡಿಸೋದು ಅದಕ್ಕಿಂತ ಸುಲಭ," ಎಂದು ನಗುತ್ತಾರೆ.

ಬಾಗಿಲ ಕೆಲಸ ಅಷ್ಟು ಸುಲಭವಲ್ಲ. ಈ ದೇಶದ ಹಳೆಯ ರಂಗಮಂದಿರಗಳಿಗೆ ಹಿಮ್ಮಡಿ ಎತ್ತರದ ಚೂಪು ಚಪ್ಪಲಿ ಹಾಕಿಕೊಂಡು ಬರುವಂತಿಲ್ಲ. ಬಂದವರಿಗೆ ಕೊಡಲೆಂದು ಅಸಿಮೀನಾ ಹಳೆ ಕಂಬಳಿಯಲ್ಲಿ ಹೊಲಿದ ಬಟ್ಟೆಚಪ್ಪಲಿಗಳ ಒಂದು ಬುಟ್ಟಿಯನ್ನೇ ಇಟ್ಟುಕೊಂಡಿದ್ದಾರೆ. "ಹೇಸರಗತ್ತೆ ತುಳಿದಾಗಲೂ ತಡ್ಕೊಂಡಿದೆ ಈ ಕಲ್ಲು. ಸೂಜಿಮೊನೆ ಹಿಮ್ಮಡಿ ತಗಲಿದ್ರೆ ಮಾತ್ರ ಬಾಯಿ ಬಿಡುತ್ತೆ," ಎನ್ನುತ್ತಾರೆ.

ಜುಲೈ ಮೊದಲ ವಾರ ಇಲ್ಲಿನ ನಾಟಕೋತ್ಸವದ ವ್ಯವಸ್ಥಾಪಕ ಆರ್ಗಿರಿಸ್ ಅಥೆನ್ಸಿನಿಂದ ಒಬ್ಬ ಅತಿಥಿಯನ್ನು ಕರೆತಂದರು. ದುಡ್ಡು ಕೊಟ್ಟ ಆ ಕಂಪನಿಯ ಮಾಲೀಕನ ಹೆಂಡತಿ, ಕಾಲಲ್ಲಿ ಬೆಳ್ಳಿಬಣ್ಣದ ಮೊಳೆಯಂಥ ಹಿಮ್ಮಡಿ. ಅಸಿಮೀನಾ ಬುಟ್ಟಿ ಮುಂದೆ ತಳ್ಳಿದರು.

"ಇದನ್ನ ಹಾಕ್ಕೊಳ್ಳೋದಾ? ನಮ್ಮ ಮನೆ ಬೆಕ್ಕೂ ಇದರ ಮೇಲೆ ಮಲಗಲ್ಲ," ಎಂದರು ಆ ಹೆಂಗಸು.

"ಬೆಕ್ಕು ಬಂದ್ರೆ ಹಂಗೇ ಬಿಡ್ತೀನಮ್ಮಾ. ಅದರ ಕಾಲು ಮೆತ್ತಗಿರುತ್ತೆ," ಎಂದರು ಅಸಿಮೀನಾ.

ಆ ಹೆಂಗಸು ಕಾರಿನಲ್ಲೇ ಕೂತು ನಾಟಕ ಮುಗಿಯುವವರೆಗೆ ಕಾದರು. ಅಸಿಮೀನಾ ಅವರ ಕೆಲಸಕ್ಕೆ ಕುತ್ತು ಬಂದದ್ದು ಅಲ್ಲಿಂದಲೇ. ಅವರದು ಏಪ್ರಿಲಿನಿಂದ ಅಕ್ಟೋಬರಿನವರೆಗಿನ ಗುತ್ತಿಗೆ. ಪ್ರತಿವರ್ಷವೂ ಪುರಸಭೆ ಮತ್ತೆ ಕರೆದರೆ ಉಂಟು, ಇಲ್ಲದಿದ್ದರೆ ಇಲ್ಲ.

ಮರುವಾರ ಒಂದು ಬೆಳಿಗ್ಗೆ ಬಿಸಿಲೇರುವ ಮುಂಚೆ ನಾಟಕದವರ ತಾಲೀಮು ನಡೆದಿತ್ತು. ನಡುವೆ ಬಿಡುವು ಸಿಕ್ಕಾಗ, ನಾಟಕದಲ್ಲಿ ಗುಂಪಾಗಿ ಹಾಡುವ ಮೇಳದ ಹೆಂಗಸರು ಅಲ್ಲಲ್ಲಿ ಕಲ್ಲುಸಾಲುಗಳಲ್ಲಿ ಕೂತು ತಣ್ಣನೆಯ ಕಾಫಿ ಹೀರುತ್ತಿದ್ದರು. ಎಲ್ಲರಿಗಿಂತ ಮೇಲೆ ಅಸಿಮೀನಾ ಮತ್ತು ಅವರ ಜೊತೆಗಾತಿ ಝೋಯಿತ್ಸಾ ಕಪ್ಪಾರಿ ಕೊಯ್ಯುತ್ತಿದ್ದರು. ಆಗ ಆರ್ಗಿರಿಸ್, ಪುರಸಭೆಯಲ್ಲಿ ಗುತ್ತಿಗೆ ನೋಡಿಕೊಳ್ಳುವ ಪಾಂಡೆಲಿಸ್‌ನ ಹೆಗಲ ಮೇಲೆ ಕೈ ಹಾಕಿಕೊಂಡು ಗುಟ್ಟು ಮಾತಾಡಲು ಜನರಿಂದ ದೂರ ನಡೆದರು. ನಡೆದು ನಿಂತದ್ದು ಎಲ್ಲಿ? ದುಂಡು ರಂಗದ ನಟ್ಟನಡುವೆ!

ಅಲ್ಲಿ ಒಂದು ಬೆಂಕಿಕಡ್ಡಿ ಗೀರಿದರೆ ಮೇಲಿನ ಸಾಲಿಗೆ ಕೇಳಿಸುತ್ತದೆ. ಬಂದ ಪರದೇಶದವರಿಗೆಲ್ಲ ಅದನ್ನು ಗೀರಿ ತೋರಿಸಿ ಚಪ್ಪಾಳೆ ಹೊಡೆಸಿಕೊಳ್ಳುವವನೇ ಈ ಪಾಂಡೆಲಿಸ್. ಅವನಿಗೇ ಮರೆತುಹೋಯಿತು.

"ಆ ಮುದುಕಿಯನ್ನ ಅಕ್ಟೋಬರಿಗೆ ಮುಗಿಸು," ಎಂದರು ಆರ್ಗಿರಿಸ್, ತುಟಿ ಅಲ್ಲಾಡದಂತೆ. "ಬಾಗಿಲಿಗೆ ಸೆಕ್ಯುರಿಟಿ ಹುಡುಗರನ್ನ ಹಾಕು. ಕಳೆಗೆ ಔಷಧಿ ಹೊಡೆಸು."

"ಆಯ್ತು ಬಿಡಿ. ಯಾರಿಗೂ ಗೊತ್ತಾಗದಂಗೆ ಮಾಡೋಣ," ಎಂದ ಪಾಂಡೆಲಿಸ್.

ಇಡೀ ರಂಗಮಂದಿರ ಕೇಳಿಸಿಕೊಂಡಿತು.

ಅಸಿಮೀನಾ ಇಳಿದು ಬಂದರು. ಚಾಕುವನ್ನು ಮೊದಲ ಸಾಲಿನಲ್ಲಿ ಇಟ್ಟರು. "ಕೈಯಲ್ಲಿ ಚಾಕು ಹಿಡ್ಕೊಂಡು ಮಾತಾಡಿದ್ರೆ ಆಮೇಲೆ ಚಾಕೂದೇ ಸುದ್ದಿಯಾಗುತ್ತೆ, ಮಾತಿನದಾಗಲ್ಲ," ಎಂದು ಈಗ ವಿವರಿಸುತ್ತಾರೆ. ಅವರು ಬಂದದ್ದನ್ನು ಕಂಡು ಗಂಡಸರಿಬ್ಬರೂ ಪಕ್ಕಕ್ಕೆ ಸರಿದರು. ಅಸಿಮೀನಾ ರಂಗದ ನಡುವಿನ ಆ ಕಲ್ಲಿನ ಮೇಲೆ ನಿಂತು, ದನಿ ಏರಿಸದೆ, ಅಡುಗೆಮನೆಯಲ್ಲಿ ಮಾತಾಡುವಂತೆ ಮಾತಾಡಿದರು.

"ಪಾಂಡೆಲಿ, ನಿನಗೆ ಮೀಸೆ ಬರೋ ಮುಂಚೆ ನಿಮ್ಮಪ್ಪನ ಕುರಿ ಇಲ್ಲೇ ಹಿಕ್ಕೆ ಹಾಕ್ತಿದ್ವು. ಅದನ್ನ ಬಾಚಿ ಹೊತ್ತು ಹಾಕಿದವಳು ನಾನು. ನಾನು ಬೇಡ ಅಂದ್ರೆ ಬೇಡ ಅನ್ನು, ಅದಕ್ಕೇನೂ ಸಾಯಲ್ಲ. ಆದ್ರೆ ಪಿಸುಗುಟ್ಟಬೇಡ. ಇದು ಪಿಸುಗುಟ್ಟೋ ಜಾಗ ಅಲ್ಲ. ಏನು ತಪ್ಪು ಮಾಡಿದೆ ಅಂತ ಗಟ್ಟಿಯಾಗಿ ಹೇಳು. ಜನ ಕೂತಿದ್ದಾರೆ, ಕೇಳಲಿ."

ಒಂದು ಮಾತು ನೆನಪಿಡಬೇಕು. ಇಂಥ ರಂಗಗಳಲ್ಲಿ ಆ ಕಾಲದಲ್ಲಿ ಹೆಂಗಸರಿಗೆ ಪಾತ್ರವಿರಲಿಲ್ಲ. ರಾಣಿಯ ಸಿಟ್ಟನ್ನೂ ದಾಸಿಯ ಅಳುವನ್ನೂ ಗಂಡಸರೇ ಮುಖವಾಡ ಹಾಕಿಕೊಂಡು ಆಡುತ್ತಿದ್ದರು. ಹೆಣ್ಣಿನ ನೋವು ಮಾತ್ರ ಅವರಿಗೆ ಬೇಕಿತ್ತು, ಬಾಯಿ ಬೇಕಿರಲಿಲ್ಲ. ಆ ಕಲ್ಲಿನ ಮೇಲೆ ಅಂದು ಒಬ್ಬ ಹೆಂಗಸು ತನ್ನ ಮುಖದಲ್ಲೇ, ತನ್ನ ಮಾತನ್ನೇ ಆಡಿದಳು. ಅದಕ್ಕೆ ಯಾರೂ ಟಿಕೆಟ್ ಮಾರಿರಲಿಲ್ಲ.

ನಡುಸಾಲಿನಿಂದ ಮೇಳದ ಮುಂದಾಳು ಮಿರ್ತೋ ಎದ್ದು ನಿಂತಳು. "ನಾವೂ ಕೇಳಿಸ್ಕೊಂಡ್ವಿ ಸ್ವಾಮಿ. ಉತ್ತರ ಬರಲಿ, ಆಮೇಲೆ ತಾಲೀಮು."

ಪಾಂಡೆಲಿಸ್ ಕುತ್ತಿಗೆಯವರೆಗೆ ಕೆಂಪಾದ. "ಕಿರಾ ಅಸಿಮೀನಾ ಬರೋ ವರ್ಷಾನೂ ಇರ್ತಾರೆ," ಎಂದು ತನ್ನ ಬೂಟಿಗೆ ಹೇಳಿದ.

"ಜೋರಾಗಿ ಹೇಳೋ ಗಂಡೇ! ನನಗೆ ಕಿವಿ ಮಂದ!" ಎಂದು ಮೇಲಿನಿಂದ ಕೂಗಿದರು ಝೋಯಿತ್ಸಾ. ಇರುವೆ ನಡೆದರೂ ಕೇಳಿಸುವ ಕಿವಿ ಅವರದು. ಮೇಳವೆಲ್ಲ ಗೊಳ್ಳೆಂದು ನಕ್ಕಿತು. ಪಾಂಡೆಲಿಸ್ ತಲೆಯೆತ್ತಿ ಇನ್ನೊಮ್ಮೆ ಹೇಳಬೇಕಾಯಿತು. ಆರ್ಗಿರಿಸ್ ಅಷ್ಟರಲ್ಲಿ ಫೋನು ಕಿವಿಗಿಟ್ಟುಕೊಂಡು ಬಾಗಿಲು ದಾಟಿದ್ದರು.

ಇದು ಕಾಗದದ ಮೇಲೆ ಬರುವುದು ಏಪ್ರಿಲಿನಲ್ಲೇ. ಮಾತು ತಪ್ಪಿದರೆ? "ತಪ್ಪಲಿ ನೋಡೋಣ. ಗುಟ್ಟಲ್ಲಿ ಕೊಟ್ಟ ಮಾತಾದ್ರೆ ಇಲ್ಲ ಅನ್ನಬಹುದು. ಇದನ್ನ ಮೇಳ ಕೇಳಿದೆ, ಅಥೆನ್ಸಿನವರೆಗೂ ಹೋಗಿದೆ. ನಮ್ಮೂರ ಕಾಫಿ ಅಂಗಡೀಲಿ ಗಂಡಸರು ದಿನಾ ಅದನ್ನೇ ಆಡಿ ತೋರಿಸ್ತಾರೆ. ಪಾಂಡೆಲಿ ಪಾತ್ರಕ್ಕೆ ಪೈಪೋಟಿ ಇದೆ," ಎನ್ನುತ್ತಾರೆ ಅಸಿಮೀನಾ.

ಬಿಸಿಲು ಕೆಳಗಿನ ಸಾಲಿಗೆ ಇಳಿದಿದೆ. ಝೋಯಿತ್ಸಾ ನೀರು ತಂದುಕೊಟ್ಟು ಮುಂದಿನ ಸಂದಿಗೆ ಸರಿಯುತ್ತಾರೆ. ಇನ್ನೇನಾದರೂ ಬೇಕೇ ಎಂದು ಕೇಳಿದರೆ ಅಸಿಮೀನಾ ಚಾಕು ಒರೆಸಿಕೊಳ್ಳುತ್ತ ಯೋಚಿಸುತ್ತಾರೆ.

"ಕಳೆ ಏಳೋದು ಮಳೆ ಬಿದ್ದ ಮೇಲೆ, ನವೆಂಬರಿನಲ್ಲಿ. ನಮ್ಮನ್ನ ಮನೆಗೆ ಕಳಿಸೋದು ಅಕ್ಟೋಬರಿನಲ್ಲಿ. ಇದ್ಯಾವ ಲೆಕ್ಕ? ಚಳಿಗಾಲದಲ್ಲಿ ನಾವಿಬ್ಬರೂ ಸೊಪ್ಪು ಕೀಳೋಕೆ ಬಂದ್ವಿ ಅಂತ ನೆಪ ಹೇಳ್ಕೊಂಡು, ಬಿಟ್ಟಿ ಕೆಲಸ ಮಾಡಿ ಹೋಗ್ತೀವಿ. ಬೆಂದ ಸೊಪ್ಪೇ ನಮ್ಮ ಸಂಬಳ. ವರ್ಷಪೂರ್ತಿ ಕೆಲಸ ಅಂತ ಆಗಬೇಕು, ನನಗೂ, ಝೋಯಿತ್ಸಾಗೂ."

ಹಾಗಾದರೆ ಪುರಸಭೆಗೆ ಹೋಗಿ ಕೇಳುತ್ತೀರಾ?

"ನಾನ್ಯಾಕೆ ಹೋಗಲಿ? ಅಲ್ಲಿ ಬಾಗಿಲು ಹಾಕ್ಕೊಂಡು ಮಾತಾಡ್ತಾರೆ. ಗುರುವಾರ ತಾಲೀಮಿನ ಹೊತ್ತಿಗೆ ಇಲ್ಲಿಗೇ ಬಾ ಅಂತ ಪಾಂಡೆಲಿಗೆ ಹೇಳಿ ಕಳಿಸಿದ್ದೀನಿ."